ಐಟಿಐಯೋ, ಎಂಜಿನಿಯರಿಂಗೋ? 28ರ ವಯಸ್ಸಿನವರೆಗೆ ಲೆಕ್ಕ ಹಾಕುವುದು ಹೀಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬೆಳಗಾವಿಯ ಮನೆಗಳಲ್ಲಿ ಚರ್ಚೆಯೆಲ್ಲ ಮೊದಲ ಪಗಾರದ ಸುತ್ತಲೇ. ಐಟಿಐ ಮುಗಿಸಿದವನಿಗೆ ಇಷ್ಟು, ಬಿಇ ಮುಗಿಸಿದವನಿಗೆ ಅಷ್ಟು. ಆದರೆ ಇಬ್ಬರ ದುಡಿಮೆ ಶುರುವಾಗುವ ವಯಸ್ಸೇ ಬೇರೆ. ಆದ್ದರಿಂದ ಒಂದು ವಯಸ್ಸನ್ನು ಗುರುತು ಹಾಕಿಕೊಂಡು, ಅಲ್ಲಿಯವರೆಗೆ ಮನೆಗೆ ಬಂದ ಒಟ್ಟು ಹಣ ನೋಡಬೇಕು.

ಮೊದಲು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ 16ಕ್ಕೆ ಎಸ್ಸೆಸ್ಸೆಲ್ಸಿ, ಎರಡು ವರ್ಷದ ಐಟಿಐ, ಒಂದು ವರ್ಷ ಅಪ್ರೆಂಟಿಸ್, 19ಕ್ಕೆ ಕೆಲಸ. ಇನ್ನೊಂದರಲ್ಲಿ ಪಿಯುಸಿ ಎರಡು, ಬಿಇ ನಾಲ್ಕು, 22ಕ್ಕೆ ಕೆಲಸ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮ್ಮೂರಿನ ದರವನ್ನು ಉದ್ಯಮಬಾಗ್, ಮಚ್ಛೆಯ ಕಾರ್ಖಾನೆಗಳ ಗೇಟಿನಲ್ಲಿ ಕೇಳಿ ಬರೆದುಕೊಳ್ಳಿ.

ಐಟಿಐಯವನು ತಿಂಗಳಿಗೆ ₹15,000ದಿಂದ ಶುರು ಮಾಡಿ, ವರ್ಷಕ್ಕೆ ₹1,500ರಂತೆ ಏರಿದ ಎನ್ನಿ. 28 ತುಂಬುವಷ್ಟರಲ್ಲಿ ಒಂಬತ್ತು ವರ್ಷದ ಒಟ್ಟು ₹22.68 ಲಕ್ಷ. ಎಂಜಿನಿಯರ್ ₹20,000ದಿಂದ ಶುರು ಮಾಡಿ, ವರ್ಷಕ್ಕೆ ₹4,000 ಏರಿದರೆ ಆರು ವರ್ಷಕ್ಕೆ ₹21.6 ಲಕ್ಷ. ಅದರಲ್ಲಿ ಫೀ, ಹಾಸ್ಟೆಲ್ ಎಂದು ₹6 ಲಕ್ಷ ಕಳೆದರೆ ₹15.6 ಲಕ್ಷ. ಅಂದರೆ ₹7 ಲಕ್ಷದಷ್ಟು ಹಿಂದೆ. ಏರಿಕೆ ಹೀಗೇ ನಡೆದರೆ 32 ತುಂಬುವ ಮೊದಲೇ ಎಂಜಿನಿಯರ್ ಮುಂದೆ ಹೋಗುತ್ತಾನೆ, ಆಮೇಲೆ ಅಂತರ ಬೆಳೆಯುತ್ತಲೇ ಇರುತ್ತದೆ. ಇಲ್ಲಿಗೇ ಹಾಳೆ ಮಡಚಬೇಡಿ. ಡಿಗ್ರಿ ಕೈಯಲ್ಲಿ ಹಿಡಿದು ಎರಡು ವರ್ಷ ಖಾಲಿ ಕೂತರೆ ಅದೇ ಲೆಕ್ಕದಲ್ಲಿ 28ಕ್ಕೆ ಉಳಿಯುವುದು ₹6.48 ಲಕ್ಷ, ಸರಿಗಟ್ಟಲು 36 ದಾಟಬೇಕು. ಕಾಲೇಜಿನ ಫೀಗಿಂತ ಖಾಲಿ ಕೂತ ವರ್ಷಗಳೇ ದುಬಾರಿ. ಶಿಕ್ಷಣ ಸಾಲದ ಬಡ್ಡಿಯನ್ನಂತೂ ಇಲ್ಲಿ ಸೇರಿಸಿಯೇ ಇಲ್ಲ.

ಮುಂದಿನದು ಪಗಾರ ಚೀಟಿ. ₹15,000 ಪೂರ್ತಿ ಮೂಲ ವೇತನವಾಗಿದ್ದರೆ ಪಿಎಫ್ ಶೇ 12 ಎಂದು ₹1,800, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75 ಎಂದು ₹113 ಕಡಿತವಾಗಿ ಕೈಗೆ ₹13,087 ಬರುತ್ತದೆ. ಇದಕ್ಕಿಂತ ಪಕ್ಕದ ಶೆಡ್ಡಿನಲ್ಲಿ ಪೂರ್ತಿ ₹15,000 ನಗದು ಸಿಗುವುದೇ ಲಾಭ ಎಂದು ಹುಡುಗರು ಜಿಗಿಯುತ್ತಾರೆ. ಅಲ್ಲಿ ಮಾಲೀಕರ ಪಾಲಿನ ಶೇ 12 ಇಲ್ಲ, ಕೈಗೆ ಏಟಾದರೆ ಇಎಸ್ಐ ಚಿಕಿತ್ಸೆಯೂ ಇಲ್ಲ. ಫೌಂಡ್ರಿ, ಪ್ರೆಸ್ ಕೆಲಸಕ್ಕೆ ಹೋಗುವವರು ಇದನ್ನು ಮೊದಲೇ ಕೇಳಬೇಕು. ಓವರ್‌ಟೈಮಿಗೆ ಎರಡು ಪಟ್ಟು ದರ ಕಾನೂನಿನದು. ಚೀಟಿಯಲ್ಲಿ ಅದು ಬೇರೆ ಸಾಲಿನಲ್ಲಿ ಇಲ್ಲದಿದ್ದರೆ ಒಂದೇ ದರ ಕೊಟ್ಟಿದ್ದಾರೆಯೇ ಎಂದು ಹೆಚ್ಚುವರಿ ಹಣವನ್ನು ಓವರ್‌ಟೈಮ್ ಗಂಟೆಗಳಿಂದ ಭಾಗಿಸಿ ನೋಡಿ.

ಇನ್ನು ಆ ₹1,500ರ ಏರಿಕೆ. ಕಸುಬಿನಲ್ಲಿ ವರ್ಷ ಕಳೆದ ಮಾತ್ರಕ್ಕೆ ಪಗಾರ ಏರುವುದಿಲ್ಲ, ಮಾಡುವ ಕೆಲಸ ಬದಲಾದರೆ ಏರುತ್ತದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಯಂತ್ರ) ಆಪರೇಟರ್ ಜಾಬ್, ಅಂದರೆ ತಯಾರಾಗಬೇಕಾದ ಲೋಹದ ತುಂಡು, ಕಟ್ಟಿ ಬಟನ್ ಒತ್ತುತ್ತಾನೆ. ಸೆಟ್ಟರ್ ಡ್ರಾಯಿಂಗ್ ಓದಿ, ಟೂಲ್ ಕೂರಿಸಿ, ಆಫ್‌ಸೆಟ್ (ಟೂಲಿನ ಸ್ಥಾನ ತಿದ್ದುವ ಅಳತೆ) ಕೊಡುತ್ತಾನೆ. 25.00 ಮಿ.ಮೀ. ಬರಬೇಕಾದ ಹೊರವ್ಯಾಸ ಮೈಕ್ರೋಮೀಟರಿನಲ್ಲಿ 25.04 ತೋರಿಸಿದರೆ ಎಕ್ಸ್‌ನಲ್ಲಿ (ವ್ಯಾಸದ ಅಕ್ಷ) ಮೈನಸ್ 0.04 ಹಾಕಬೇಕು. ಪ್ಲಸ್ ಹಾಕಿದರೆ ಲೋಹ ಹೆಚ್ಚು ಉಳಿಯುತ್ತದೆ, ಮತ್ತೆ ತಿರುವಬಹುದು. ದಶಾಂಶ ಬಿಂದು ತಪ್ಪಿ ಮೈನಸ್ 0.4 ಹಾಕಿದರೆ ಅದೇ ಜಾಬ್‌ನ ವ್ಯಾಸ 24.64 ಆಗಿ ಗುಜರಿಗೆ ಹೋಗುತ್ತದೆ. ಈ ಹೊಣೆ ಹೊರಬಲ್ಲವನಿಗೇ ಹೆಚ್ಚಿನ ಪಗಾರ. ಮೂರು ವರ್ಷ ಬಟನ್ ಒತ್ತಿಯೂ ಆಫ್‌ಸೆಟ್ ಪುಟ ಮುಟ್ಟಲು ಬಿಡದ ಕಾರ್ಖಾನೆಯನ್ನು ಬಿಡುವುದೇ ಒಳ್ಳೆಯದು. ವೆಲ್ಡರ್‌ಗೆ ಇಂಥ ಮೆಟ್ಟಿಲು ಆರ್ಗನ್ ವೆಲ್ಡಿಂಗ್ ಮತ್ತು ಪೈಪಿನ 6ಜಿ (ಓರೆಯಾಗಿ ಬಿಗಿದ ಪೈಪನ್ನು ಬೆಸೆಯುವ) ಪರೀಕ್ಷೆ. ಎಲೆಕ್ಟ್ರಿಷಿಯನ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಅನಂತರ ಗುತ್ತಿಗೆದಾರರ ಲೈಸೆನ್ಸ್. ಅದಿಲ್ಲದೆ ಹೆಸ್ಕಾಂ ವಿದ್ಯುತ್ ಸಂಪರ್ಕದ ಕೆಲಸಗಳಲ್ಲಿ ಬೇರೆಯವರ ಸಹಿಗೆ ಕಾಯಬೇಕು, ಕಮಿಷನ್ನೂ ಕೊಡಬೇಕು.

ಐಟಿಐ ಆರಿಸುವಾಗ ಕೇಂದ್ರ ಸರ್ಕಾರದ ಮಾನ್ಯತೆ (ರೂಢಿಯಲ್ಲಿ ಎನ್‌ಸಿವಿಟಿ) ಆ ಟ್ರೇಡಿಗೇ, ಅಂದರೆ ಕಲಿಯುವ ಕಸುಬಿಗೇ, ಇದೆಯೇ ಎಂದು ಕೇಳಿ. ಸಂಸ್ಥೆಗೆ ಇದ್ದು ಟ್ರೇಡಿಗೆ ಇಲ್ಲದಿರಬಹುದು. ವರ್ಕ್‌ಶಾಪಿಗೆ ಕೆಲಸದ ದಿನವೇ ಹೋಗಿ, ಲೇತ್ ಓಡುತ್ತಿದೆಯೇ, ಕೆಳಗೆ ಲೋಹದ ಚೂರು ಬಿದ್ದಿದೆಯೇ ನೋಡಿ. ಖರ್ಚು ಹೊರಬಲ್ಲವರಿಗೆ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಇನ್ನೊಂದು ದಾರಿ: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ ತರಬೇತಿ.

ಎರಡೂ ಬೇಕು ಎನ್ನುವವರಿಗೂ ಹಾದಿ ಇದೆ. ಎರಡು ವರ್ಷದ ಐಟಿಐ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಒಟ್ಟು ಏಳು ವರ್ಷ, ನೇರ ದಾರಿಗಿಂತ ಒಂದೇ ವರ್ಷ ಹೆಚ್ಚು. ಒಂದು ವರ್ಷದ ವೆಲ್ಡರ್ ಟ್ರೇಡಿಗೆ ಈ ಅನುಕೂಲವಿಲ್ಲ. ಹೆಚ್ಚಿನವರು ಎಡವುವುದು ಡಿಪ್ಲೊಮಾದ ಗಣಿತದಲ್ಲಿ. ಐಟಿಐಯಲ್ಲಿ ಕಲನಶಾಸ್ತ್ರ ಇರುವುದಿಲ್ಲ, ಮೊದಲ ವರ್ಷದ ಗಣಿತ ಓದದೆಯೇ ಎರಡನೇ ವರ್ಷಕ್ಕೆ ಬಂದಿರುತ್ತಾರೆ. ಪ್ರವೇಶದ ಪಟ್ಟಿಗೆ ಕಾಯುವ ದಿನಗಳಲ್ಲೇ ಆ ಪುಸ್ತಕ ತಂದು ಅವಕಲನದ ಅಧ್ಯಾಯ ಮುಗಿಸಿಕೊಳ್ಳಿ.