ಫೋನಿನ ಆ್ಯಪ್ ಕಂಪ್ಯೂಟರಿನಲ್ಲಿ ಓಡಬೇಕೇ? ಮೊದಲು ಒಂದು ಸ್ವಿಚ್ ನೋಡಿ

ನಮ್ಮಮ್ಮ ದಿನಾ ಬೆಳಿಗ್ಗೆ ಫೋನಿನಲ್ಲಿ ಪಂಚಾಂಗದ ಆ್ಯಪ್ ನೋಡುತ್ತಾರೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲಾ ಅದರಲ್ಲಿದೆ, ಆದರೆ ಅಕ್ಷರ ಸಾಸಿವೆ ಕಾಳಿನಷ್ಟು. ಹಾಲ್‌ನಲ್ಲಿ ದೊಡ್ಡ ಮಾನಿಟರ್ ಇರುವ ಹಳೇ ಕಂಪ್ಯೂಟರ್ ಸುಮ್ನೆ ಕೂತಿತ್ತು. 'ಇದನ್ನು ಅದರಲ್ಲಿ ಹಾಕಿಕೊಡೋಕೆ ಆಗಲ್ವಾ' ಅಂತ ಒಂದು ದಿನ ಕೇಳಿದರು. ಆಗುತ್ತದೆ. ನನಗೆ ಎರಡು ಭಾನುವಾರ ಹಿಡಿಯಿತು. ನಿಮಗೆ ಒಂದು ಗಂಟೆ ಸಾಕು, ಏಕೆಂದರೆ ನಾನು ಎಲ್ಲಿ ಸಿಕ್ಕಿಹಾಕಿಕೊಂಡೆ ಅನ್ನುವುದನ್ನೇ ಇಲ್ಲಿ ಮೊದಲು ಹೇಳುತ್ತೇನೆ.

ಶುರು ಮಾಡುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ನಿಮಗೆ ಬೇಕಾದ ಆ್ಯಪ್‌ಗೆ ವೆಬ್‌ಸೈಟ್ ಇದೆಯಾ? ವಾಟ್ಸ್‌ಆ್ಯಪ್, ಟೆಲಿಗ್ರಾಂ ಥರದವಕ್ಕೆ ಕಂಪ್ಯೂಟರಿನದ್ದೇ ಆವೃತ್ತಿ ಇದೆ. ಹಾಗಿದ್ದರೆ ಈ ಲೇಖನದ ಕಷ್ಟ ನಿಮಗೆ ಬೇಡ. ಫೋನಿನಲ್ಲಿ ಮಾತ್ರ ಸಿಗುವ ಆ್ಯಪ್ ಆದರೆ ಮುಂದೆ ಓದಿ.

ಸುಳ್ಳು ಫೋನು, ನಿಜವಾದ ಕೆಲಸ

ಎಮ್ಯುಲೇಟರ್ ಅಂದರೆ ಕಂಪ್ಯೂಟರಿನೊಳಗೆ ಇಡೀ ಒಂದು ಆಂಡ್ರಾಯ್ಡ್ ಫೋನಿನ ವೇಷ ಕಟ್ಟುವ ಸಾಫ್ಟ್‌ವೇರ್. ಆ್ಯಪ್‌ಗೆ ತಾನು ಫೋನಿನಲ್ಲೇ ಇದ್ದೇನೆ ಅನ್ನಿಸಬೇಕು. ತೊಡಕು ಎಲ್ಲಿದೆ ಅಂದರೆ, ಫೋನುಗಳಲ್ಲಿ ಇರುವುದು ಹೆಚ್ಚಾಗಿ ಆರ್ಮ್ ಅನ್ನುವ ಜಾತಿಯ ಚಿಪ್, ನಮ್ಮ ಮನೆಯ ಕಂಪ್ಯೂಟರುಗಳಲ್ಲಿ ಇರುವುದು ಇಂಟೆಲ್ ಅಥವಾ ಎಎಂಡಿಯ ಎಕ್ಸ್86 ಜಾತಿಯದ್ದು, ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ನಡುವೆ ದುಭಾಷಿ ಬೇಕು. ಆದರೆ ಎಲ್ಲಾ ಆ್ಯಪ್‌ಗಳಿಗೂ ದುಭಾಷಿ ಬೇಕಾಗಿಲ್ಲ. ಜಾವಾ ಅಥವಾ ಕಾಟ್ಲಿನ್‌ನಲ್ಲಿ ಬರೆದ ಸಾದಾ ಆ್ಯಪ್‌ಗಳು ಯಾವ ಚಿಪ್‌ಗೂ ಅಂಟಿಕೊಂಡಿರುವುದಿಲ್ಲ. ಅವನ್ನು ಆಂಡ್ರಾಯ್ಡೇ ಆಯಾ ಚಿಪ್‌ಗೆ ಹೊಂದಿಸಿಕೊಂಡು ಓಡಿಸುತ್ತದೆ. ದೊಡ್ಡ ಆಟಗಳಲ್ಲಿ ಮಾತ್ರ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಆರ್ಮ್‌ಗೆಂದೇ ಸಿದ್ಧಮಾಡಿದ ಭಾಗಗಳು ಜಾಸ್ತಿ ಇರುತ್ತವೆ. ಅಂಥದ್ದರ ಪ್ರತಿ ಮಾತನ್ನೂ ಅನುವಾದ ಮಾಡುತ್ತಾ ಹೋಗಬೇಕು. ಪಂಚಾಂಗ, ನಿಘಂಟು, ಅಡುಗೆ ಆ್ಯಪ್‌ಗಳು ಹಳೇ ಕಂಪ್ಯೂಟರಿನಲ್ಲೂ ಸಲೀಸಾಗಿ ತೆರೆದು, ಆಟ ಹಾಕಿದ ಕೂಡಲೇ ಫ್ಯಾನು ಸದ್ದು ಮಾಡುವುದು ಇದಕ್ಕೇ.

ಆ ಸ್ವಿಚ್ಚು

ನಾನು ಮೊದಲ ಸಲ ಎಮ್ಯುಲೇಟರ್ ಹಾಕಿದಾಗ ಅದು ತೆರೆಯುವಷ್ಟರಲ್ಲಿ ಕಾಫಿ ಕುಡಿದು ಮುಗಿದಿತ್ತು. ಕಂಪ್ಯೂಟರೇ ಹಳೆಯದಾಯಿತು ಅಂದುಕೊಂಡು ಹೊಸದರ ಬೆಲೆಯನ್ನೂ ವಿಚಾರಿಸಿ ಬಂದೆ. ನಿಜವಾಗಿ ಆಗಿದ್ದು ಇಷ್ಟೇ: ವರ್ಚುವಲೈಸೇಷನ್ ಅನ್ನುವುದು ಆಫ್ ಆಗಿತ್ತು.

ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸಲು ಪ್ರೊಸೆಸರ್ ತಾನೇ ಕೈಜೋಡಿಸುವ ಸೌಲಭ್ಯ ಇದು. ಇಂಟೆಲ್ ಇದನ್ನು 2005ರಲ್ಲಿ ತಂದಿತು, ಎಎಂಡಿ 2006ರಲ್ಲಿ. ಅಂದರೆ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಇದು ಇದ್ದೇ ಇರುವ ಸಾಧ್ಯತೆ ಜಾಸ್ತಿ. ಆದರೆ ಎಷ್ಟೋ ಯಂತ್ರಗಳು ಅಂಗಡಿಯಿಂದ ಬರುವಾಗ ಇದನ್ನು ಆಫ್ ಮಾಡಿಕೊಂಡೇ ಬರುತ್ತವೆ. ಅದಕ್ಕೇ ನನ್ನ ಮಾತು, ಏನನ್ನೂ ಡೌನ್‌ಲೋಡ್ ಮಾಡುವ ಮುಂಚೆ ಇದನ್ನು ನೋಡಿ.

ನೋಡುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಒತ್ತಿ. ಗ್ರಾಫಿನ ಕೆಳಗೆ ವರ್ಚುವಲೈಸೇಷನ್ ಅನ್ನುವ ಸಾಲು ಇದೆ. ಅದರ ಮುಂದೆ ಎನೇಬಲ್ಡ್ ಅಂತಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

ಡಿಸೇಬಲ್ಡ್ ಅಂತಿದ್ದರೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್‌ಗೆ, ಹೋಗಬೇಕು. ಹೆದರಬೇಡಿ. ಆದರೆ ಹೋಗುವ ಮುಂಚೆ ಒಂದು ಎಚ್ಚರಿಕೆ, ಇದನ್ನು ಹೇಳುವವರು ಕಡಿಮೆ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ, ಬಯಾಸ್‌ನಲ್ಲಿ ಏನಾದರೂ ಬದಲಿಸಿದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಲಾಗಿನ್ ಆಗಿ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೀ ಇಲ್ಲದೆ ಆ ನೀಲಿ ಪರದೆಯ ಮುಂದೆ ಕೂರುವ ಸಂಕಟ ಯಾರಿಗೂ ಬೇಡ.

ಈಗ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿಂದ ಅಡ್ವಾನ್ಸ್‌ಡ್ ಸ್ಟಾರ್ಟಪ್‌ನ ರೀಸ್ಟಾರ್ಟ್ ನೌ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಅಂತ ಹೋದರೆ ಬಯಾಸ್ ತೆರೆಯುತ್ತದೆ. ಇನ್ನೊಂದು ದಾರಿ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀಯನ್ನು ಒತ್ತುತ್ತಾ ಇರುವುದು. ಒಳಗೆ ಅಡ್ವಾನ್ಸ್‌ಡ್ ಅಥವಾ ಸಿಪಿಯು ಕಾನ್ಫಿಗರೇಷನ್ ಅನ್ನುವ ಕಡೆ ಹುಡುಕಿ. ಇಂಟೆಲ್ ಆದರೆ ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ ಅಥವಾ ವಿಟಿ ಎಕ್ಸ್ ಅಂತಿರುತ್ತದೆ. ಎಎಂಡಿಯಲ್ಲಿ ಹೆಸರೇ ಬೇರೆ, ಎಸ್‌ವಿಎಂ ಮೋಡ್. ಈ ಹೆಸರು ಗೊತ್ತಿಲ್ಲದೆ ನಾನು ಅದೇ ಪುಟವನ್ನು ನಾಲ್ಕು ಸಲ ದಾಟಿ ಹೋಗಿದ್ದೆ. ಆನ್ ಮಾಡಿ, ಸೇವ್ ಮಾಡಿ, ಹೊರಬನ್ನಿ. ಅಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ.

ಎಮ್ಯುಲೇಟರ್ ಆರಿಸುವುದು, ಹಾಕುವುದು

ನಾನು ಹಾಕಿದ್ದು ಬ್ಲೂಸ್ಟ್ಯಾಕ್ಸ್ 5. ಎಲ್‌ಡಿ ಪ್ಲೇಯರ್, ಮೀಮು, ನಾಕ್ಸ್ ಕೂಡ ಇವೆ. ಎಲ್ಲದರ ಮೂಲ ಕೆಲಸ ಒಂದೇ. ಆ್ಯಪ್ ತಯಾರಿಸುವವರಿಗೆ ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಬರುವ ಗೂಗಲ್‌ನ ಎಮ್ಯುಲೇಟರ್ ಸರಿ, ಮನೆಯ ಬಳಕೆಗೆ ಅದು ಭಾರ. ಗೂಗಲ್ ಪ್ಲೇ ಗೇಮ್ಸ್ ಅಂತ ಗೂಗಲ್‌ನದ್ದೇ ಇನ್ನೊಂದು ಇದೆ, ಅದು ಆಟಗಳಿಗೆ. ಹಳೇ ವಿಡಿಯೊಗಳಲ್ಲಿ ವಿಂಡೋಸ್ 11ರೊಳಗೇ ಆಂಡ್ರಾಯ್ಡ್ ಇದೆ, ಅಮೆಜಾನ್ ಆ್ಯಪ್‌ಸ್ಟೋರ್ ಹಾಕಿ ಅಂತ ಹೇಳಿಕೊಡುತ್ತಾರಲ್ಲ, ಅದನ್ನು ನಂಬಿ ಕೂರಬೇಡಿ. ಮೈಕ್ರೋಸಾಫ್ಟ್ ಆ ಸೌಲಭ್ಯವನ್ನು 2025ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿದೆ. ಲಿನಕ್ಸ್ ಬಳಸುವವರು ವೇಡ್ರಾಯ್ಡ್ ನೋಡಿ. ಐಫೋನಿನ ಆ್ಯಪ್‌ಗಳಿಗೆ ವಿಂಡೋಸ್‌ನಲ್ಲಿ ಇಂಥ ದಾರಿ ಇಲ್ಲ, ಐಫೋನ್ ಎಮ್ಯುಲೇಟರ್ ಅಂತ ಯಾರಾದರೂ ಫೈಲ್ ಕೊಟ್ಟರೆ ಮುಟ್ಟಬೇಡಿ.

ಬ್ಲೂಸ್ಟ್ಯಾಕ್ಸ್ 5ಕ್ಕೆ ಕಡಿಮೆಯೆಂದರೆ 4 ಜಿಬಿ ರ‍್ಯಾಮ್, 5 ಜಿಬಿ ಜಾಗ ಬೇಕು. 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇದ್ದರೆ ತೆರೆಯುವ ವೇಗದಲ್ಲೇ ವ್ಯತ್ಯಾಸ ಕಾಣುತ್ತದೆ.

ಡೌನ್‌ಲೋಡ್ ಮಾಡುವಾಗ ಕಂಪನಿಯ ಸ್ವಂತ ಸೈಟಿಗೇ ಹೋಗಿ. ನಾನು ಹುಡುಕಾಟದಲ್ಲಿ ಮೇಲೆ ಬಂದ ಜಾಹೀರಾತು ಒತ್ತಿ ಯಾವುದೋ ಸೈಟಿನಿಂದ ಇಳಿಸಿಕೊಂಡೆ, ಜೊತೆಗೆ ಕೇಳದೇ ಇದ್ದ ಇನ್ನೆರಡು ಸಾಫ್ಟ್‌ವೇರ್ ಬಂದು ಕೂತವು, ಬ್ರೌಸರಿನ ಮುಖಪುಟವೇ ಬದಲಾಯಿತು, ಅದನ್ನೆಲ್ಲ ತೆಗೆಯುವುದರಲ್ಲೇ ಮೊದಲ ಭಾನುವಾರ ಹೋಯಿತು. ಸ್ವಂತ ಸೈಟ್ ಆದರೂ ಆ್ಯಂಟಿವೈರಸ್ ಆನ್ ಇರಲಿ. 2021ರಲ್ಲಿ ನಾಕ್ಸ್ ಪ್ಲೇಯರ್‌ನ ಅಪ್‌ಡೇಟ್ ವ್ಯವಸ್ಥೆಯೊಳಗೇ ಯಾರೋ ನುಗ್ಗಿ ಕೆಲವರ ಕಂಪ್ಯೂಟರಿಗೆ ಮಾಲ್‌ವೇರ್ ಕಳಿಸಿದ್ದನ್ನು ಈಸೆಟ್ ಸಂಸ್ಥೆ ಪತ್ತೆ ಮಾಡಿತ್ತು.

ಇನ್‌ಸ್ಟಾಲ್ ಆದ ಮೇಲೆ ವಿಂಡೋಸ್‌ನದ್ದೇ ವರ್ಚುವಲೈಸೇಷನ್ ಸೌಲಭ್ಯವಾದ ಹೈಪರ್ ವಿ ಬಗ್ಗೆ ದೂರುವ ಸಂದೇಶ ಬಂದರೆ, ಸ್ಟಾರ್ಟ್‌ನಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಹುಡುಕಿ. ಅಲ್ಲಿ ಹೈಪರ್ ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಅಂತ ಇರುತ್ತವೆ. ಕೆಲವು ಎಮ್ಯುಲೇಟರ್‌ಗಳಿಗೆ ಇವು ಆನ್ ಇರಬೇಕು, ಕೆಲವಕ್ಕೆ ಆಫ್. ಸಂದೇಶ ಏನು ಕೇಳುತ್ತದೋ ಹಾಗೆ ಮಾಡಿ ರೀಸ್ಟಾರ್ಟ್ ಮಾಡಿ. ಸಂದೇಶ ಬರದಿದ್ದರೆ ಅತ್ತ ಹೋಗಲೇಬೇಡಿ.

ಆಮೇಲೆ ಒಳಗಿನ ಪ್ಲೇ ಸ್ಟೋರ್ ತೆರೆದು ಗೂಗಲ್ ಖಾತೆ ಹಾಕಬೇಕು. ಇದಕ್ಕೆಂದೇ ಬೇರೆ ಖಾತೆ ಮಾಡಿಕೊಳ್ಳಿ. ನಿಮ್ಮ ಫೋಟೊ, ಮೇಲ್, ಕಾಂಟ್ಯಾಕ್ಟ್ ಎಲ್ಲಾ ಇರುವ ಖಾತೆ ಈ ಸುಳ್ಳು ಫೋನಿಗೆ ಯಾಕೆ? ಹುಡುಕಿದ ಆ್ಯಪ್ ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ ಅಂತ ಬಂದರೆ, ಬ್ಲೂಸ್ಟ್ಯಾಕ್ಸ್‌ನ ಮಲ್ಟಿ ಇನ್‌ಸ್ಟನ್ಸ್ ಮ್ಯಾನೇಜರ್‌ನಲ್ಲಿ ಆಂಡ್ರಾಯ್ಡ್‌ನ ಇನ್ನೊಂದು ಆವೃತ್ತಿ ಇಳಿಸಿಕೊಂಡು ಅದರಲ್ಲಿ ಹುಡುಕಿ ನೋಡಿ. ಎಲ್ಲೆಲ್ಲಿಂದಲೋ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ತಂದು ಹಾಕುವುದು ಬೇಡ.

ಅಕ್ಷರ ದೊಡ್ಡದಾಗಲಿ, ಕನ್ನಡ ಮೂಡಲಿ

ನಮ್ಮ ಮನೆಯಲ್ಲಿ ಇಷ್ಟೆಲ್ಲಾ ಮಾಡಿದ್ದು ಇದಕ್ಕೇ ತಾನೇ. ಆ್ಯಪ್ ದೊಡ್ಡ ಪರದೆಯಲ್ಲಿ ಬಂತು, ಆದರೂ ಅಕ್ಷರ ಅಂದುಕೊಂಡಷ್ಟು ದಪ್ಪ ಇರಲಿಲ್ಲ. ಎಮ್ಯುಲೇಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಪಿಕ್ಸೆಲ್ ಡೆನ್ಸಿಟಿ ನೋಡಿ. 160, 240, 320 ಅಂತ ಇರುತ್ತದೆ. ಅಂಕಿ ಜಾಸ್ತಿ ಆದಷ್ಟೂ ಅಕ್ಷರ, ಬಟನ್ನು ಎಲ್ಲಾ ದೊಡ್ಡದಾಗುತ್ತವೆ. ಅಮ್ಮನಿಗೆ 320 ಇಟ್ಟೆ. ಇಷ್ಟೂ ಸಾಲದಿದ್ದರೆ ಒಳಗಿನ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಸೈಜ್ ಅಂತ ಬೇರೆಯೇ ಇದೆ, ಅದನ್ನೂ ಏರಿಸಬಹುದು. ಅಲ್ಲೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಮೆನುಗಳೂ ಕನ್ನಡದಲ್ಲಿ ಬರುತ್ತವೆ.

ಪರ್ಫಾರ್ಮೆನ್ಸ್‌ನಲ್ಲಿ ಎರಡು ಕೋರ್, 2 ಜಿಬಿ ಮೆಮೊರಿ ಕೊಟ್ಟರೆ ಇಂಥ ಆ್ಯಪ್‌ಗಳಿಗೆ ಧಾರಾಳ. ಇರುವ ರ‍್ಯಾಮ್ ಎಲ್ಲಾ ಎಮ್ಯುಲೇಟರಿಗೇ ಕೊಟ್ಟರೆ ವಿಂಡೋಸ್ ಉಸಿರುಗಟ್ಟುತ್ತದೆ, ಆಗ ಎರಡೂ ನಿಧಾನ.

ಇನ್ನು ಟೈಪಿಂಗ್. ಅಮ್ಮ ಆ್ಯಪ್‌ನಲ್ಲಿ ಆಯಾ ದಿನದ ಕೆಳಗೆ ಟಿಪ್ಪಣಿ ಬರೆದಿಡುತ್ತಾರೆ, ಯಾರ ಮನೆ ಗೃಹಪ್ರವೇಶ, ಹಾಲಿನವನಿಗೆ ಎಷ್ಟು ಕೊಟ್ಟದ್ದು ಹೀಗೆ. ಕೀಬೋರ್ಡ್ ಒತ್ತಿದರೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಕಾರಣ ಏನೆಂದರೆ ಕಂಪ್ಯೂಟರಿನ ಕೀಬೋರ್ಡ್ ಕಂಡ ತಕ್ಷಣ ಆಂಡ್ರಾಯ್ಡ್ ತನ್ನ ಪರದೆಯ ಕೀಬೋರ್ಡನ್ನು ಮರೆಮಾಡುತ್ತದೆ. ಪ್ಲೇ ಸ್ಟೋರ್‌ನಿಂದ ಜಿಬೋರ್ಡ್ ಹಾಕಿ, ಅದರಲ್ಲಿ ಕನ್ನಡ ಸೇರಿಸಿ. ಬಳಿಕ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಮತ್ತು ಇನ್‌ಪುಟ್ ಇರುವ ಕಡೆ ಫಿಸಿಕಲ್ ಕೀಬೋರ್ಡ್‌ಗೆ ಹೋಗಿ, ಪರದೆಯ ಕೀಬೋರ್ಡ್ ತೋರಿಸು ಅನ್ನುವುದನ್ನು ಆನ್ ಮಾಡಿ. ಈಗ ಫೋನಿನಲ್ಲಿ ಕಾಣುವ ಅದೇ ಕೀಬೋರ್ಡ್ ಕೆಳಗೆ ಬರುತ್ತದೆ, ಮೌಸಿನಿಂದ ಒತ್ತಬಹುದು. ನುಡಿ ಕೀಬೋರ್ಡ್ ಅಭ್ಯಾಸ ಇರುವವರಿಗೆ ಇದು ತೀರಾ ನಿಧಾನ ಅನ್ನಿಸುತ್ತದೆ. ಅಂಥವರು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಯೂನಿಕೋಡ್‌ನಲ್ಲೇ ಬರೆದು, ಕಾಪಿ ಮಾಡಿ, ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ನಾನು ಉದ್ದದ ಬರಹಕ್ಕೆ ಹೀಗೇ ಮಾಡುತ್ತೇನೆ.

ಇನ್ನೊಂದು, ಪಂಚಾಂಗದ ಸೂರ್ಯೋದಯ, ರಾಹುಕಾಲ ಊರಿಂದ ಊರಿಗೆ ಬದಲಾಗುತ್ತವೆ ಅಲ್ವಾ. ಸುಳ್ಳು ಫೋನಿಗೆ ಜಿಪಿಎಸ್ ಇಲ್ಲ, ಅದು ನಿಮ್ಮ ಊರನ್ನು ತಪ್ಪಾಗಿ ತಿಳಿದಿರಬಹುದು. ಪಕ್ಕದ ಪಟ್ಟಿಯಲ್ಲಿ ಸೆಟ್ ಲೊಕೇಷನ್ ಇದೆ, ನಕ್ಷೆಯಲ್ಲಿ ನಿಮ್ಮ ಊರು ಗುರುತಿಸಿ. ಇಲ್ಲದಿದ್ದರೆ ಆ್ಯಪ್‌ನೊಳಗೇ ಊರಿನ ಹೆಸರು ಆರಿಸಿ.

ಹಣದ ಆ್ಯಪ್ ಬೇಡ

ಬ್ಯಾಂಕ್, ಯುಪಿಐ ಆ್ಯಪ್‌ಗಳನ್ನು ಇಲ್ಲಿ ಹಾಕಲು ಹೋಗಬೇಡಿ. ಯುಪಿಐ ನೋಂದಣಿ ಆಗುವುದೇ ನಿಮ್ಮ ಸಿಮ್‌ನಿಂದ ಎಸ್‌ಎಂಎಸ್ ಹೋಗುವ ಮೂಲಕ, ಈ ಫೋನಿನಲ್ಲಿ ಸಿಮ್ಮೇ ಇಲ್ಲ. ಜೊತೆಗೆ ಇದು ಅಸಲಿ ಸಾಧನವೇ ಅಂತ ಪರೀಕ್ಷಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಇಂಥ ಎಷ್ಟೋ ಆ್ಯಪ್‌ಗಳು ಬಳಸುತ್ತವೆ. ಇದನ್ನೆಲ್ಲ ದಾಟಿಸುತ್ತೇವೆ ಅಂತ ಮಾಡ್ ಮಾಡಿದ, ಅಂದರೆ ಯಾರೋ ತಿದ್ದಿದ ಆ್ಯಪ್ ಕೊಡುವವರ ಕೈಗೆ ನಿಮ್ಮ ಪಿನ್ ಹೋಗಬಾರದು. ಕೆಲವು ಆನ್‌ಲೈನ್ ಆಟಗಳೂ ಎಮ್ಯುಲೇಟರ್ ಕಂಡರೆ ಖಾತೆಯನ್ನೇ ಬ್ಯಾನ್ ಮಾಡುತ್ತವೆ, ಮಕ್ಕಳಿಗೆ ಹಾಕಿಕೊಡುವ ಮುಂಚೆ ಆಟದ ನಿಯಮ ಓದಿ.

ಅಂಥ ಆ್ಯಪ್ ದೊಡ್ಡದಾಗಿ ಕಾಣಲೇಬೇಕು ಅಂದರೆ ಎಮ್ಯುಲೇಟರ್ ಬಿಟ್ಟು, ಎಸ್‌ಸಿಆರ್‌ಸಿಪಿವೈ ಅಂತ ಬರೆದು ಸ್ಕ್ರೀನ್ ಕಾಪಿ ಅಂತ ಓದುವ ಉಚಿತ ಸಾಫ್ಟ್‌ವೇರ್ ನೋಡಿ. ಫೋನಿನಲ್ಲಿ ಡೆವಲಪರ್ ಆಪ್ಷನ್ಸ್ ತೆರೆದು ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್‌ನಿಂದ ಕಂಪ್ಯೂಟರಿಗೆ ಸೇರಿಸಿದರೆ ನಿಮ್ಮ ನಿಜವಾದ ಫೋನಿನ ಪರದೆಯೇ ಮಾನಿಟರಿನಲ್ಲಿ ಬರುತ್ತದೆ, ಮೌಸಿನಿಂದ ನಡೆಸಬಹುದು. ಆ್ಯಪ್ ಓಡುವುದು ಫೋನಿನಲ್ಲೇ, ಹಾಗಾಗಿ ಹಳೇ ಕಂಪ್ಯೂಟರಿಗೂ ಭಾರವಿಲ್ಲ. ಗುಪ್ತ ಪರದೆಗಳನ್ನು ತೋರಿಸಲು ಬಿಡದ ಬ್ಯಾಂಕ್ ಆ್ಯಪ್‌ಗಳಲ್ಲಿ ಮಾತ್ರ ಕಪ್ಪು ಚೌಕ ಕಾಣುತ್ತದೆ. ಕೆಲಸ ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡುವುದನ್ನು ಮರೆಯಬೇಡಿ.

ಕೊನೆಗೆ ಡೆಸ್ಕ್‌ಟಾಪ್ ಮೇಲೆ ಪಂಚಾಂಗದ ಶಾರ್ಟ್‌ಕಟ್ ಒಂದನ್ನೇ ಉಳಿಸಿ, ಉಳಿದ ಐಕಾನ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿದೆ. ಅಮ್ಮ ಈಗ ಅದನ್ನು ಎರಡು ಸಲ ಒತ್ತಿ, ಎಫ್11 ಒತ್ತಿ ಪರದೆ ತುಂಬಾ ಮಾಡಿಕೊಂಡು, ಕನ್ನಡಕ ಹುಡುಕದೆ ಅವತ್ತಿನ ತಿಥಿ ಓದುತ್ತಾರೆ.