ಮಸ್ಕತ್ ಹತ್ತಿರವೋ, ಕೋಲ್ಕತ್ತಾವೋ? ಫೋನಿನಲ್ಲೇ ಲೆಕ್ಕ ಹಾಕಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಚಿಕ್ಕಮ್ಮನಿಗೆ ಇಬ್ಬರು ಮಕ್ಕಳು. ಮಗ ಕೋಲ್ಕತ್ತಾದಲ್ಲಿ, ಮಗಳು ಮಸ್ಕತ್‌ನಲ್ಲಿ. "ಮಗ ಪರವಾಗಿಲ್ಲ, ಇಲ್ಲೇ ಇದ್ದಾನೆ. ಮಗಳೇ ದೂರ ಆಗ್ಬಿಟ್ಲು" ಅಂತ ಚಿಕ್ಕಮ್ಮನ ಕೊರಗು. ಹೋದ ಭಾನುವಾರ ಚಹಾ ಕುಡಿಯುತ್ತಾ, ಎರಡೂ ಊರಿಗೆ ಆಕಾಶದಲ್ಲಿ ನೇರ ದೂರ ಎಷ್ಟು ಅಂತ ಲೆಕ್ಕ ಹಾಕಿಯೇ ಬಿಟ್ಟೆವು. ಮುಂಬೈಗೆ ಮಗಳೇ ಹತ್ತಿರ!

ನೀವೂ ಹಾಕಬಹುದು. ಫೋನಿನ ಕ್ಯಾಲ್ಕುಲೇಟರ್ ಸಾಕು. ಫೋನನ್ನು ಅಡ್ಡ ತಿರುಗಿಸಿದರೆ ಹೆಚ್ಚಿನವುಗಳಲ್ಲಿ ಸೈನ್, ಕೋಸ್ ಗುಂಡಿಗಳು ಕಾಣುತ್ತವೆ. ಮೊದಲು ಕೋಸ್ 60 ಒತ್ತಿ ನೋಡಿ. 0.5 ಬಂದರೆ ಸರಿ. ಬೇರೇನೋ ಬಂದರೆ ಅದು ರೇಡಿಯನ್ ಎಂಬ ಕೋನದ ಇನ್ನೊಂದು ಅಳತೆಯಲ್ಲಿದೆ, ಡಿಗ್ರಿಗೆ ಬದಲಿಸಿ. ನಾನು ಇದನ್ನು ಮರೆತು ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ.

ಈಗ ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತದೆ. ಊರಿನದ್ದಲ್ಲ, ನಿಲ್ದಾಣದ್ದೇ ಬೇಕು. ಗೋವಾದ ಹಳೆಯ ನಿಲ್ದಾಣ ದಾಬೋಳಿಗೂ 2023ರಲ್ಲಿ ವಿಮಾನ ಹಾರಾಟ ಶುರುವಾದ ಮೋಪಾಕ್ಕೂ ನಡುವೆ ನೇರವಾಗಿಯೇ ಸುಮಾರು 40 ಕಿಲೋಮೀಟರ್ ಇದೆ. ಇನ್ನೊಂದು ಎಚ್ಚರ: ಪುಣೆ ನಿಲ್ದಾಣದ ಅಕ್ಷಾಂಶ 18 ಡಿಗ್ರಿ 35 ಮಿನಿಟ್. ಅದು 18.35 ಅಲ್ಲ. 35ನ್ನು 60ರಿಂದ ಭಾಗಿಸಬೇಕು, ಆಗ 18.58. ಇಲ್ಲಿ ಎಡವಿದರೆ 25 ಕಿಲೋಮೀಟರ್ ಹೆಚ್ಚುಕಮ್ಮಿ.

ಮುಂಬೈ: 19.09 ಉತ್ತರ, 72.87 ಪೂರ್ವ. ಮಸ್ಕತ್: 23.59 ಉತ್ತರ, 58.28 ಪೂರ್ವ. ರೇಖಾಂಶದ ವ್ಯತ್ಯಾಸ 14.59.

ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.3271 × 0.4002 = 0.1309. ಇದನ್ನು ಪಕ್ಕಕ್ಕಿಡಿ.

ಅವೇ ಅಕ್ಷಾಂಶಗಳ ಕೋಸ್ ಗುಣಿಸಿ, ಅದಕ್ಕೆ ರೇಖಾಂಶ ವ್ಯತ್ಯಾಸದ ಕೋಸ್ ಕೂಡ ಗುಣಿಸಿ: 0.9450 × 0.9164 × 0.9678 = 0.8381.

ಎರಡನ್ನೂ ಕೂಡಿಸಿ: 0.9690. ಇದಕ್ಕೆ ಉಲ್ಟಾ ಕೋಸ್ ಒತ್ತಿ, ಅಂದರೆ ಕೋಸ್ ಮೇಲೆ ಸಣ್ಣ ಮೈನಸ್ ಒಂದು ಇರುವ ಗುಂಡಿ. 14.3 ಡಿಗ್ರಿ ಬರುತ್ತದೆ. ಭೂಮಿಯ ನಡುಬಿಂದುವಿನಲ್ಲಿ ನಿಂತು ನೋಡಿದರೆ ಎರಡೂ ಊರುಗಳ ನಡುವಿನ ಕೋನ ಅದು.

ನನಗೆ ತುಂಬ ಇಷ್ಟವಾದದ್ದು ಮುಂದಿನ ಹೆಜ್ಜೆ. ಹಡಗಿನವರು, ವಿಮಾನದವರು ಬಳಸುವ ನಾಟಿಕಲ್ ಮೈಲು ಹುಟ್ಟಿದ್ದೇ ಈ ಕೋನದಿಂದ. ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲು. ಹಾಗಾಗಿ 14.3 × 60 = 858 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿದರೆ 1,589. ಕೋಲ್ಕತ್ತಾಕ್ಕೆ ಹೀಗೇ ಮಾಡಿದಾಗ ಬಂದದ್ದು ಸುಮಾರು 1,665!

ಹತ್ತಿರದ ಊರುಗಳಿಗೆ ಮಾತ್ರ ದಶಮಾಂಶ ಕತ್ತರಿಸಬೇಡಿ. ಮುಂಬೈ-ಪುಣೆಗೆ ಕೂಡಿಸಿದ ಮೊತ್ತ 0.99981 ಬರುತ್ತದೆ. ಮೂರೇ ಅಂಕೆಗೆ ಹತ್ತಿರದ ಸಂಖ್ಯೆ ಹಿಡಿದರೆ 1.000, ಅಂದರೆ ದೂರ ಸೊನ್ನೆ. ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾ ಘಾಟಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಹೇಳಿ ನೋಡಿ!

ಪಶ್ಚಿಮ ರೇಖಾಂಶ ಇದ್ದರೆ ಮೈನಸ್ ಹಾಕಿ. ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದ್ದು ಮೈನಸ್ 73.78. ವ್ಯತ್ಯಾಸ 146.65, ದೂರ ಸುಮಾರು 12,530 ಕಿಲೋಮೀಟರ್.

ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದರಿಂದಾಗುವ ತಪ್ಪು ನೂರು ಕಿಲೋಮೀಟರಿಗೆ ಅರ್ಧ ಕಿಲೋಮೀಟರಿನಷ್ಟೂ ಇರುವುದು ಕಷ್ಟ. ವಿಮಾನ ನಿಜಕ್ಕೂ ಹಾರುವ ದೂರ ಇದಕ್ಕಿಂತ ಜಾಸ್ತಿಯೇ. ನಿಗದಿಯಾದ ದಾರಿಗಳಿವೆ, ಇಳಿಯುವಾಗ ಸುತ್ತು ಹೊಡೆಯಬೇಕು, ಕೆಲವು ದೇಶಗಳ ಆಕಾಶ ಮುಚ್ಚಿರುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ದಾರಿ ಮುಚ್ಚಿದಾಗ ದಿಲ್ಲಿಯಿಂದ ಯುರೋಪಿಗೆ ಹೋಗುವವು ಬಳಸಿ ಹೋಗಬೇಕಾಯ್ತಲ್ವಾ?

ಚಿಕ್ಕಮ್ಮ ಈಗ ಮಂಗಳೂರಿನ ಲೆಕ್ಕ ಕೇಳಿದ್ದಾರೆ. ಬಜಪೆ ನಿಲ್ದಾಣ 12.96 ಉತ್ತರ, 74.89 ಪೂರ್ವ. ನೀವೂ ಹಾಕಿ ನೋಡಿ, 715ರ ಆಸುಪಾಸು ಬರಬೇಕು.