ಊರಿನ ಇತಿಹಾಸ ದಾಖಲಿಸುವವರಿಗೆ: ಮೊದಲು ಅಜ್ಜಿ, ಆಮೇಲೆ ಕಡತ, ಕಡೆಗೆ ಕಲ್ಲು

ಗದಗ, ಹಾವೇರಿ, ಧಾರವಾಡ ಕಡೆಯ ಹಳ್ಳಿಗಳಲ್ಲಿ ನಾಲ್ಕು ಮಂದಿ ಸೇರಿ ಊರಿನ ಇತಿಹಾಸ ಬರೆಯಲು ಹೊರಟರೆ ಮೊದಲು ಹೋಗುವುದು ಗುಡಿಗೆ. ಶಾಸನದ ಮುಂದೆ ಒಂದು ಫೋಟೊ, ವೀರಗಲ್ಲಿಗೆ ನೀರು ಸುರಿದು ಇನ್ನೊಂದು ಫೋಟೊ. ಇದು ತಿರುವುಮುರುವು. ಚಾಲುಕ್ಯರ ಕಾಲದ ಕಲ್ಲು ಒಂಬೈನೂರು ವರ್ಷ ಬಿಸಿಲು ಮಳೆ ತಡೆದಿದೆ, ಬರುವ ವರ್ಷವೂ ಅಲ್ಲೇ ಇರುತ್ತದೆ. ಎಂಬತ್ತೈದು ದಾಟಿದ ಅಜ್ಜಿಗೂ ಅಟ್ಟದ ಮೇಲೆ ಗೆದ್ದಲು ಹತ್ತಿದ ಕಾಗದದ ಗಂಟಿಗೂ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಮೊದಲ ಬೇಸಿಗೆ ಪೂರ್ತಿ ಮಾತಿಗೆ, ಮಳೆಗಾಲ ಕಾಗದಕ್ಕೆ, ಕಲ್ಲಿನ ಕೆಲಸ ಆಮೇಲೆ.

ಐದು ಮಂದಿ ಸಾಕು: ಕೇಳುವವರು ಇಬ್ಬರು, ಫೋಟೊ ತೆಗೆಯಲು ಒಬ್ಬರು, ಪಟ್ಟಿ ಬರೆಯಲು ಒಬ್ಬರು, ಟೈಪ್ ಮಾಡಲು ಒಬ್ಬರು. ಐವರೂ ಒಂದೇ ಓಣಿಯವರಾದರೆ ಬರೆದ ಇತಿಹಾಸವೂ ಆ ಓಣಿಯದೇ ಆಗುತ್ತದೆ. ಅಗಸಿಯ, ಅಂದರೆ ಊರ ಬಾಗಿಲಿನ, ಹೊರಗಿನ ಕೇರಿಯವರು ತಂಡದಲ್ಲಿ ಇರಲೇಬೇಕು, ಕರೆಯುವ ಶಾಸ್ತ್ರಕ್ಕಲ್ಲ, ಕೇಳುವವರಾಗಿ.

ಮಾತು ಹಿಡಿಯುವುದು

ಹಿಂಗಾರಿ ಜೋಳದ ಸುಗ್ಗಿ ಮುಗಿದು ಹೋಳಿ ಹುಣ್ಣಿಮೆ ದಾಟಿದ ಮೇಲೆ ಮುಂಗಾರಿ ಬಿತ್ತಿಗೆ ಶುರುವಾಗುವ ತನಕ ಜನ ಕೈಗೆ ಸಿಗುತ್ತಾರೆ. ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡು. ಒಂದು ಸಲಕ್ಕೆ ಮುಕ್ಕಾಲು ತಾಸು, ಹೆಚ್ಚೆಂದರೆ ಒಂದು ತಾಸು. ಹಿರಿಯರು ದಣಿದರೆ ಮಾತು ಮೊಟಕಾಗುತ್ತದೆ, ಕೇಳುವವರು ಬಾಯಿಗೆ ಮಾತು ತುಂಬಲು ಶುರು ಮಾಡುತ್ತಾರೆ.

ಮೊಬೈಲೇ ಸಾಕು, ಆದರೆ ಫ್ಲೈಟ್ ಮೋಡ್‌ನಲ್ಲಿರಲಿ. ಮಾತಾಡುವವರ ಬಾಯಿಯಿಂದ ಒಂದು ಮೊಳದೊಳಗೆ, ಮಡಚಿದ ಟವೆಲ್ ಮೇಲೆ ಇಡಿ. ಬರಿ ಹೊರಸಿನ ಮೇಲೋ ಮೇಜಿನ ಮೇಲೋ ಇಟ್ಟರೆ ಕೈ ತಾಗಿದ ಸದ್ದೆಲ್ಲ ಮಾತಿಗಿಂತ ಜೋರಾಗಿ ಕೇಳುತ್ತದೆ. ಫ್ಯಾನ್ ಬಂದ್ ಮಾಡಿಸಿ. ಹಿಟ್ಟಿನ ಗಿರಣಿ ಪಕ್ಕದ ಮನೆಯಾದರೆ ಕರೆಂಟ್ ಇಲ್ಲದ ಹೊತ್ತು ನೋಡಿ ಹೋಗಿ. ಧ್ವನಿಯನ್ನು ವೇವ್ ಫೈಲ್ ಆಗಿ ಹಿಡಿದರೆ ಮೋನೊದಲ್ಲಿ ತಾಸಿಗೆ ಸುಮಾರು 300 ಎಂಬಿ ಆಗುತ್ತದೆ. ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ. ಶುರುವಿನಲ್ಲೇ ದಿನಾಂಕ, ಊರು, ಹೇಳುವವರ ಹೆಸರು, ವಯಸ್ಸು, ಅಲ್ಲಿ ಕುಳಿತವರು ಯಾರ್‍ಯಾರು ಎಂಬುದನ್ನು ಬಾಯಿಬಿಟ್ಟು ಹೇಳಿ ರೆಕಾರ್ಡ್ ಮಾಡಿ. ಹತ್ತು ವರ್ಷದ ನಂತರ ಫೈಲಿನ ಹೆಸರು ಬದಲಾಗಿದ್ದರೂ ಒಳಗಿನ ಈ ಅರ್ಧ ನಿಮಿಷ ಉಳಿದಿರುತ್ತದೆ.

"ನಿಮ್ಮೂರ ಇತಿಹಾಸ ಹೇಳ್ರಿ ಅಜ್ಜಾರ" ಎಂದು ಕೇಳಿದರೆ ಕೆಲಸ ಕೆಟ್ಟಿತು. ಪಾಂಡವರು ಬಂದು ಉಳಿದ ಕಥೆಯೋ, ಪುರಾಣದಲ್ಲಿ ಕೇಳಿದ ಕಥೆಯೋ ಬರುತ್ತದೆ. ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿ: "ನೀವು ಸಣ್ಣವರಿದ್ದಾಗ ಕುಡಿಯೋ ನೀರು ಎಲ್ಲಿಂದ ತರ್ತಿದ್ರಿ?", "ನಿಮ್ಮ ಲಗ್ನದಾಗ ದಿಬ್ಬಣ ಎಷ್ಟು ಚಕ್ಕಡಿಯೊಳಗ ಬಂತು?", "ಹಗೇವು ಯಾರ್‍ಯಾರ ಮನಿ ಮುಂದ ಇದ್ದುವು, ಒಂದರಾಗ ಎಷ್ಟು ಚೀಲ ಜೋಳ ಹಿಡೀತಿತ್ತು?". ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಹಗೇವಿನ ಪ್ರಶ್ನೆಯೊಂದರಿಂದಲೇ ಬರ, ಸಾಲ, ಯಾರ ಮನೆಯಲ್ಲಿ ಕಾಳಿತ್ತು ಯಾರ ಮನೆಯಲ್ಲಿ ಇರಲಿಲ್ಲ, ಹಗೇವಿಗೆ ಇಳಿಯುವ ಮೊದಲು ಗಾಳಿ ಹೇಗೆ ಬಿಡುತ್ತಿದ್ದರು, ಎಲ್ಲ ಹೊರಬರುತ್ತದೆ. ಕೂತು ನೆನಪಾಗದ್ದು ನಡೆದರೆ ನೆನಪಾಗುತ್ತದೆ. ಶಕ್ತಿ ಇದ್ದವರನ್ನು ಅಗಸಿ, ಹುಡೇವು (ಊರ ಕೊತ್ತಲ), ಹಳೆ ಬಾವಿ, ಕಣದ ಜಾಗಕ್ಕೆ ಕರೆದೊಯ್ಯಿರಿ.

ಇಸವಿ ಯಾರಿಗೂ ನೆನಪಿರುವುದಿಲ್ಲ, ಅದು ತಪ್ಪೂ ಅಲ್ಲ. ಎಲ್ಲರೂ ಕಂಡ ಘಟನೆಯ ಹಿಂದೆ ಮುಂದೆ ಎಂದು ಕೇಳಿ: ಗಾಂಧಿಯನ್ನು ಕೊಂದ ವರ್ಷ 1948, ಮುಂಬೈ ಪ್ರಾಂತ್ಯದಿಂದ ಮೈಸೂರಿಗೆ ಸೇರಿದ್ದು 1956, ಆಣೆ ಹೋಗಿ ಹೊಸ ಪೈಸೆ ಬಂದದ್ದು 1957, ಉಳುವವನೇ ಒಡೆಯ ಎಂದು ಅರ್ಜಿ ಹಾಕಿದ್ದು 1974ರ ನಂತರ, ನರಗುಂದ, ನವಲಗುಂದದ ರೈತರ ಗೋಲಿಬಾರ್ 1980. ಸಂವತ್ಸರದ ಹೆಸರು ಹೇಳಿದರೆ ಎಚ್ಚರ ಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಕ್ರೋಧಿ ಎಂದರೆ 1904 ಆಗಬಹುದು, 1964 ಆಗಬಹುದು, 2024 ಕೂಡ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಮಾಘ, ಫಾಲ್ಗುಣದಲ್ಲಿ ಆದದ್ದು ಮುಂದಿನ ಇಸವಿಗೆ ಬೀಳುತ್ತದೆ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ, ಅದಕ್ಕೂ ಇದೇ ಲೆಕ್ಕ.

ಕಟ್ಟೆಯ ಮೇಲೆ ಗಂಡಸರೇ ಊರಿನ ಪರವಾಗಿ ಮಾತಾಡಿಬಿಡುತ್ತಾರೆ. ಹೆಣ್ಣುಮಕ್ಕಳ ಮಾತು ಹಿಡಿಯಲು ಶ್ರಾವಣದ ನಾಗರ ಪಂಚಮಿಗಿಂತ ಒಳ್ಳೆಯ ಹೊತ್ತಿಲ್ಲ. ಬೇರೆ ಊರಿಗೆ ಕೊಟ್ಟವರು ಆಗ ತವರಿಗೆ ಬಂದಿರುತ್ತಾರೆ, ಮೂವತ್ತು ನಲವತ್ತು ವರ್ಷದ ಹಿಂದಿನ ಊರು ಅವರ ನೆನಪಿನಲ್ಲಿ ಹಾಗೇ ನಿಂತಿರುತ್ತದೆ, ಊರಲ್ಲೇ ಇದ್ದವರಿಗೆ ಅದು ದಿನದಿನಕ್ಕೆ ಅಳಿಸಿಹೋಗಿರುತ್ತದೆ. ಬೀಸುವ ಪದ, ಸೋಬಾನೆ ಪದ ಕೇಳುವುದಾದರೆ ಒಬ್ಬರನ್ನೇ ಕೂಡಿಸಿ ಕೇಳಬೇಡಿ. ಇಬ್ಬರು ಮೂವರಿದ್ದರೆ ಒಬ್ಬರು ಮರೆತ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದ ಗೊತ್ತಿರುವವರು ಕಣದ ಜೊತೆಗೇ ಕಡಿಮೆಯಾಗಿದ್ದಾರೆ, ಅವರನ್ನು ಪಟ್ಟಿಯ ಮೇಲ್ತುದಿಗೆ ಹಾಕಿ. ಮೊಹರಮ್ಮಿನ ರಿವಾಯತ ಪದ ಹಾಡುವ ಮೇಳದವರ ಹತ್ತಿರ ಕೈಬರಹದ ನೋಟ್‌ಬುಕ್ ಇರುವುದುಂಟು, ಕೇಳಿ ನೋಡಿ.

ಮನೆತನಗಳ ವಂಶಾವಳಿ ಹೇಳುತ್ತ ಊರೂರು ತಿರುಗುವ ಹೆಳವರು ಊರಿಗೆ ಬಂದ ದಿನ ತಂಡದ ಒಬ್ಬರಾದರೂ ಅಲ್ಲಿರಬೇಕು. ಮನೆತನದ ಮೂಲ ಯಾವ ಊರು, ಯಾವ ತಲೆಮಾರು ಎಲ್ಲಿಂದ ಎದ್ದು ಬಂತು ಎಂಬುದನ್ನು ಅವರಷ್ಟು ಸರಾಗವಾಗಿ ಹೇಳುವವರಿಲ್ಲ. ಅದು ಅವರ ಹೊಟ್ಟೆಪಾಡು. ಕಾಳು, ಕಾಣಿಕೆ ಕೊಟ್ಟೇ ಕೇಳಿ, ಇಡೀ ಹೊತ್ತಿಗೆಯ ಫೋಟೊ ತೆಗೆಯುತ್ತೇವೆ ಎಂದು ಗಂಟುಬೀಳಬೇಡಿ. ವಂಶಾವಳಿ ಗಂಡುಮಕ್ಕಳ ಸಾಲಿನಲ್ಲೇ ಸಾಗುವುದರಿಂದ ಹೆಣ್ಣುಮಕ್ಕಳ ಹೆಸರನ್ನು ಮನೆಯವರಿಂದ ಬೇರೆ ಕೇಳಿ ತುಂಬಿಸಬೇಕು.

ಒಂದು ತಾಸಿನ ಮಾತನ್ನು ಬರಹಕ್ಕಿಳಿಸಲು ಐದಾರು ತಾಸು ಹಿಡಿಯುತ್ತದೆ. "ಹೊಂಟಾನ", "ಬರ್ತಿದ್ದಿಲ್ಲ" ಎಂದದ್ದನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ.

ಕಾಗದ ಮತ್ತು ಕಡತ

ಮೂಲ ಪ್ರತಿಯನ್ನು ಮನೆಯಿಂದ ಹೊರಗೆ ಒಯ್ಯಲೇಬೇಡಿ. ಒಯ್ದ ಕಾಗದ ತಡವಾದರೆ ಊರಲ್ಲಿ ಮಾತು ಹುಟ್ಟುತ್ತದೆ, ಅದರಲ್ಲೂ ಹೊಲದ ಕಾಗದವಾದರೆ. ಅವರ ಪಡಸಾಲೆಯಲ್ಲೇ, ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ಮೊಬೈಲ್ ಕಾಗದಕ್ಕೆ ಸಮಾನಾಂತರವಾಗಿ ಸ್ಟ್ಯಾಂಡ್ ಮೇಲಿರಲಿ. ಪ್ರತಿ ಚಿತ್ರದಲ್ಲೂ ಅಂಚಿಗೆ ಒಂದು ಸ್ಕೇಲ್, ಒಂದು ನಂಬರ್ ಚೀಟಿ. ಹಿಂಬದಿ ಬಿಡಬೇಡಿ: ಸ್ಟಾಂಪ್ ಪೇಪರಿನ ಹಿಂದೆ ಮಾರಿದವರ ಸಹಿ, ತಾರೀಖು ಇರುತ್ತದೆ. ಸ್ಕ್ಯಾನರ್ ಇದ್ದರೆ ಕಾಗದಕ್ಕೆ 300 ಡಿಪಿಐ, ಹಳೆ ಫೋಟೊಗೆ 600. ಕೈ ತೊಳೆದು ಒರೆಸಿ ಒಣಗಿಸಿಕೊಂಡರೆ ಸಾಕು. ಕೈಗವಸು ಹಾಕಿದರೆ ಹರಿದ ಅಂಚು ಬೆರಳಿಗೆ ಗೊತ್ತಾಗುವುದಿಲ್ಲ. ಹರಿದದ್ದಕ್ಕೆ ಸೆಲೊ ಟೇಪ್ ಬೇಡ, ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಅಕ್ಷರ ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಗಾಜಿನ ಚೌಕಟ್ಟಿನೊಳಗಿನ ಹಳೆ ಫೋಟೊ ಎಷ್ಟೋ ಸಲ ಗಾಜಿಗೇ ಅಂಟಿರುತ್ತದೆ. ಎಳೆದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ. ಗಾಜು ಒರೆಸಿ, ಕಪ್ಪು ಅಂಗಿ ಹಾಕಿಕೊಂಡು, ಕಿಟಕಿ ಪಕ್ಕದಲ್ಲಿ ಬರುವಂತೆ ನಿಂತು ಹಾಗೇ ತೆಗೆಯಿರಿ.

ಕಡತ ಸಿಕ್ಕರೆ ಕೈಗಿಂತ ಮೊದಲು ಬುದ್ಧಿ ಓಡಲಿ. ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದದ್ದು ಅದು. ಪಾಟಿಯಂತೆ ಒರೆಸಿದರೆ ಅಕ್ಷರ ಹೋಗುತ್ತದೆ. ಧೂಳಿದೆ ಎಂದು ಒದ್ದೆ ಬಟ್ಟೆ ಆಡಿಸಿದರೆ ಇನ್ನೂರು ವರ್ಷದ ಲೆಕ್ಕ ಒಂದೇ ಕೈಗೆ ಅಳಿದುಹೋಗುತ್ತದೆ. ಊದಲೂ ಬೇಡ. ಒಂದೊಂದೇ ಮಡಿಕೆ ಬಿಚ್ಚಿ, ಹಿಂದಿನ ಮಡಿಕೆಯ ಎರಡು ಸಾಲು ಮುಂದಿನ ಚಿತ್ರದಲ್ಲೂ ಬರುವಂತೆ ಕ್ರಮವಾಗಿ ತೆಗೆಯಿರಿ. ಕಪ್ಪು ಹೆಚ್ಚಿರುವುದರಿಂದ ಮೊಬೈಲ್ ತಾನೇ ಬೆಳಕು ಏರಿಸಿ ಅಕ್ಷರ ಮಸುಕು ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಹಂತ ಇಳಿಸಿ.

ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿ ಮನೆತನದ ದಪ್ತರದಲ್ಲಿ (ದಾಖಲೆಯ ಗಂಟಿನಲ್ಲಿ) ಮೋಡಿ ಲಿಪಿಯ ಮರಾಠಿ ಇರುತ್ತದೆ. ಓದಲು ಬರುವುದಿಲ್ಲ ಎಂದು ಬದಿಗಿಡಬೇಡಿ. ಚಿತ್ರ ತೆಗೆದು, ಯಾವ ಗಂಟಿನಲ್ಲಿ ಯಾವುದರ ಕೆಳಗೆ ಇತ್ತು ಎಂದು ಬರೆದಿಡಿ. ಗಂಟಿನ ಕ್ರಮ ಕೆದರಿದರೆ ಓದುವವರಿಗೆ ಅರ್ಧ ಸುಳಿವೇ ತಪ್ಪುತ್ತದೆ. ಶಾಲೆಯ ಜನರಲ್ ರಿಜಿಸ್ಟರ್ ಇನ್ನೊಂದು ದೊಡ್ಡ ಆಕರ, ಆದರೆ ಅದರಲ್ಲಿ ಜಾತಿ, ಹುಟ್ಟಿದ ದಿನ ಎಲ್ಲ ಇರುವುದರಿಂದ ಮುಖ್ಯಶಿಕ್ಷಕರ ಒಪ್ಪಿಗೆ ಪಡೆದು ಟಿಪ್ಪಣಿ ಮಾಡಿಕೊಳ್ಳಿ, ಪುಟದ ಚಿತ್ರ ಹಂಚಬೇಡಿ.

ಅಚ್ಚಾದ ಆಕರ ಹುಡುಕುವಾಗ ಹಳೆ ತಾಲ್ಲೂಕಿನ ಹೆಸರು ಗೊತ್ತಿರಬೇಕು. 1884ರ ಮುಂಬೈ ಪ್ರಾಂತ್ಯದ ಗೆಜೆಟಿಯರ್‌ನ ಧಾರವಾಡ ಸಂಪುಟದಲ್ಲಿ ಹಾವೇರಿ ಸುತ್ತಿನ ಊರುಗಳು ಕರಜಗಿಯ ಕೆಳಗೆ, ಹಿರೇಕೆರೂರು ಕಡೆಯವು ಕೋಡದ ಕೆಳಗೆ, ಶಿಗ್ಗಾವಿ ಕಡೆಯವು ಬಂಕಾಪುರದ ಕೆಳಗೆ ಸಿಗುತ್ತವೆ. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಕಿರಿಯ ಮಿರಜದ್ದು, ಸವಣೂರು ನವಾಬರದ್ದು. ಈ ಊರುಗಳ ಹಳೆ ಕಾಗದ ಧಾರವಾಡದಲ್ಲಿ ಸಿಗಲಿಲ್ಲವೆಂದರೆ ಕಳೆದುಹೋಗಿದೆ ಎಂದಲ್ಲ, ಸಂಸ್ಥಾನದ ದಪ್ತರಕ್ಕೆ ಹೋಗಿದೆ.

ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೊಲಗಳ ಬಾಯಿಮಾತಿನ ಹೆಸರನ್ನು ಸರ್ವೆ ನಂಬರಿನ ಮೇಲೆ ಬರೆಯುತ್ತ ಹೋಗಿ. ದಾಖಲೆಯಲ್ಲಿ ಬೇಚರಾಕ್ (ಜನವಸತಿ ಇಲ್ಲದ್ದು) ಎಂದಿರುವ ಗ್ರಾಮ, ಎರಿ ಹೊಲದ ನಡುವೆ ಒಂಟಿಯಾಗಿ ನಿಂತ ಹಾಳ ಹನುಮಪ್ಪನ ಗುಡಿ, ಉಳುವಾಗ ಮೇಲೆ ಬರುವ ಗಡಿಗೆಯ ಚೂರು, ಬೂದಿಮಣ್ಣು ಮೂರೂ ಒಂದೇ ಕಡೆ ಬಂದರೆ ಅಲ್ಲೊಂದು ಊರಿತ್ತು. ಅಲ್ಲಿಂದ ಎದ್ದು ಬಂದ ಮನೆತನ ಯಾವುದೆಂದು ಹೆಳವರ ಮಾತಿನ ಜೊತೆ ತಾಳೆ ನೋಡಿ.

ಕಲ್ಲು

ಮೊದಲು ಈ ಶಾಸನ ಈಗಾಗಲೇ ಅಚ್ಚಾಗಿದೆಯೇ ನೋಡಿ. ದಕ್ಷಿಣ ಭಾರತದ ಶಾಸನಗಳು ಮಾಲೆಯ 11, 15, 18, 20ನೇ ಸಂಪುಟಗಳು ಮುಂಬೈ ಕರ್ನಾಟಕದವು. ಅಲ್ಲಿದ್ದರೆ ನೀವೇ ಓದಲು ತಿಣುಕುವುದು ವ್ಯರ್ಥ. ಇಲ್ಲವಾದರೆ ಒಳ್ಳೆಯ ಫೋಟೊ ತೆಗೆದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆಯ ವಿದ್ವಾಂಸರಿಗೆ ತೋರಿಸಿ.

ಅಕ್ಷರಕ್ಕೆ ಸುಣ್ಣ, ಚಾಕ್‌ಪೀಸ್, ಹಿಟ್ಟು, ಎಣ್ಣೆ ಯಾವುದೂ ಬೇಡ. ಹಿಟ್ಟಿಗೆ ಇರುವೆ, ಪಾಚಿ ಬರುತ್ತವೆ; ಸುಣ್ಣ ತೂತಿನೊಳಗೆ ಕೂತು ಅಕ್ಷರದ ಗೆರೆಯನ್ನೇ ತಪ್ಪಿಸುತ್ತದೆ, ಎಣ್ಣೆ ಧೂಳು ಹಿಡಿದು ಪದರ ಕಟ್ಟುತ್ತದೆ. ಆಯಿಲ್ ಪೇಂಟ್ ಬಳಿದ ಕಲ್ಲನ್ನು ಕೆರೆಯಲು ಹೋಗಬೇಡಿ, ಇದ್ದಂತೆ ಬಿಡಿ. ಮೆತ್ತನೆಯ ಬ್ರಷ್, ಬರಿ ನೀರು ಸಾಕು, ತಂತಿಯ ಬ್ರಷ್ ಮುಟ್ಟಿಸಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹೆಚ್ಚುಕಡಿಮೆ ತಾಗುವಂತೆ ಅಡ್ಡ ಹಿಡಿದು ಬೆಳಕು ಬಿಟ್ಟರೆ ಹಗಲಲ್ಲಿ ಕಾಣದ ಅಕ್ಷರ ನೆರಳಾಗಿ ಎದ್ದು ನಿಲ್ಲುತ್ತದೆ. ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಒಂದೊಂದು ಸಲ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಿರಿ, ಮೊಬೈಲ್ ಜಾಗ ಬಿಟ್ಟು ಕದಲಬಾರದು. ಸ್ಕೇಲ್ ಕಲ್ಲಿನ ಮೈಗೆ ತಾಗಿರಲಿ. ಕಾಗದದ ಅಚ್ಚು ತೆಗೆಯುವುದು ಕಲಿತವರ ಕೆಲಸ. ಒದ್ದೆ ಕಾಗದ ಹರಿದರೆ ಮಸಿ ಕಲ್ಲಿಗೆ ಇಳಿಯುತ್ತದೆ. ಸಂರಕ್ಷಿತ ಸ್ಮಾರಕದ ಫಲಕ ಇರುವ ಕಡೆ ಅನುಮತಿ ಇಲ್ಲದೆ ತೊಳೆಯಲೂ ಹೋಗಬೇಡಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಕೆಳಗೆ ದನಗಳಿದ್ದರೆ ತುರುಗೋಳ್ ಕಾಳಗ, ಅಂದರೆ ದನ ಹಿಡಿದೊಯ್ಯುವಾಗ ನಡೆದದ್ದು. ಬಳೆ ತೊಟ್ಟ ಕೈ ಎತ್ತಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು.

ದಾನಶಾಸನದ ತುದಿಯ ಸೂರ್ಯಚಂದ್ರರಿಗೆ ಅರ್ಥ, ಅವರಿರುವ ತನಕ ಈ ದಾನ ನಡೆಯಲಿ ಎಂದು. ಅದನ್ನೂ ಆಕಳು ಕರುವಿನ ಚಿತ್ರವನ್ನೂ ನಿಧಿಯ ಗುರುತೆಂದು ತಿಳಿದು ಕಲ್ಲಿನ ಬುಡ ಅಗೆಯುವವರು ಇದ್ದಾರೆ. ಆದ್ದರಿಂದ ಒಂಟಿ ಗುಡಿಯ ಮೂರ್ತಿ, ಮನೆಯ ತಾಮ್ರಪಟ ಇಂಥವುಗಳ ನಿಖರ ಜಾಗವನ್ನು ನಿಮ್ಮ ಪಟ್ಟಿಯಲ್ಲಿ ಮಾತ್ರ ಇಟ್ಟುಕೊಳ್ಳಿ, ಹಂಚುವ ಪ್ರತಿಯಲ್ಲಿ ಊರಿನ ಹೆಸರಷ್ಟೇ ಸಾಕು. ನೆಲದಲ್ಲಿ ನಾಣ್ಯವೋ ಒಡವೆಯೋ ಸಿಕ್ಕರೆ ಅದು ಇತಿಹಾಸ ತಂಡದ ಕೆಲಸವಲ್ಲ, ತಹಶೀಲ್ದಾರರಿಗೆ ತಿಳಿಸಿ.

ಪಟ್ಟಿ, ಒಪ್ಪಿಗೆ, ಹಂಚಿಕೆ

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ವಸ್ತುವಿಗೆ ಒಂದು ಸಾಲು: ನಂಬರ್, ಏನು, ಯಾರದು, ಯಾರು ಹೇಳಿದ್ದು, ಎಂದು, ಎಲ್ಲಿ, ಚಿತ್ರ ತೆಗೆದವರು, ಒಪ್ಪಿಗೆ ಎಷ್ಟು. ಅಂದಂದಿನದು ಅಂದೇ ತುಂಬಿಸಬೇಕು. "ಆಮೇಲೆ ಬರೆದರಾಯ್ತು" ಎಂದ ಐನೂರು ಫೋಟೊ ಯಾರ ಮನೆಯದೆಂದು ತಿಳಿಯದೆ ಕಸವಾಗುತ್ತವೆ. ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ದಿನಾಂಕ, ಊರು, ನಂಬರ್ ಅಷ್ಟೇ ಇರಲಿ. ವಿವರವೆಲ್ಲ ಪಟ್ಟಿಯಲ್ಲಿ, ಕನ್ನಡದಲ್ಲಿ.

ಒಪ್ಪಿಗೆ ಪತ್ರದಲ್ಲಿ ಮೂರು ಚೌಕ ಸಾಕು: ಊರೊಳಗೆ ಮಾತ್ರ ತೋರಿಸಬಹುದು, ಎಲ್ಲರಿಗೂ ಹಂಚಬಹುದು, ಇಂತಿಷ್ಟು ವರ್ಷದ ನಂತರ ಹಂಚಬಹುದು. ಓದಲು ಬಾರದವರಿಗೆ ಓದಿ ಹೇಳಿ, ಅವರು ಒಪ್ಪಿದ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಇನಾಮು ಹೊಲ, ಗೌಡಕಿಯ ಜಗಳ, ಜಾತಿಯ ಹೆಸರಲ್ಲಿ ನಡೆದದ್ದು ಬಂದರೆ ಅಳಿಸಲೂ ಬೇಡ, ಅವಸರದಲ್ಲಿ ಹಂಚಲೂ ಬೇಡ. ಮೂರನೇ ಚೌಕ ಇರುವುದು ಅದಕ್ಕೇ. ಒಂದೇ ಘಟನೆಯನ್ನು ಎರಡು ಮನೆಯವರು ಎರಡು ತರಹ ಹೇಳಿದರೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಇಡಿ.

ಫೋಟೊ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ. ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನದ ಮಾಹಿತಿಯೂ ಹೋಗುತ್ತದೆ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಹಳೆ ನುಡಿ ಫಾಂಟಿನಲ್ಲಿ ಬೇಡ, ಯೂನಿಕೋಡ್ ಬೇಕೆಂದು ಮೊದಲೇ ಹೇಳಿ. ಪರಿವರ್ತಕದಲ್ಲಿ ಹಾಯಿಸಿದ ಬರಹದಲ್ಲಿ ಅರ್ಕಾವತ್ತು, ಒತ್ತಕ್ಷರ ತಪ್ಪಾಗಿರುವ ಸಂಭವವಿರುತ್ತದೆ. ಹೆಸರುಗಳನ್ನು ಒಂದೊಂದಾಗಿ ನೋಡಬೇಕು.

ಎಲ್ಲರಿಗೂ ಎಂದು ಒಪ್ಪಿದ ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬಹುದು. ಕನ್ನಡ ವಿಕಿಪೀಡಿಯದಲ್ಲಿ ಊರಿನ ಲೇಖನಕ್ಕೆ ಅಚ್ಚಾದ ಆಕರ ಬೇಕು. ಅಜ್ಜಿಯ ಮಾತನ್ನು ನೇರವಾಗಿ ಅಲ್ಲಿ ಹಾಕಿದರೆ ತೆಗೆದುಹಾಕುತ್ತಾರೆ. ಊರೊಳಗೆ ಹಂಚಲು ಜಾತ್ರೆಯ ದಿನ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹಳೆ ಫೋಟೊಗಳ ಪ್ರತಿಯನ್ನು ದಾರಕ್ಕೆ ತೂಗುಹಾಕಿ, ಪ್ರತಿಯೊಂದರ ಕೆಳಗೆ ಖಾಲಿ ಚೀಟಿ, ಒಂದು ಪೆನ್ನು ಇಡಿ. "ಎಡಗಡೆ ನಿಂತಾಕಿ ನಮ್ಮ ದೊಡ್ಡವ್ವ" ಎಂದು ಬರೆಯುವವರು ಆಗ ಬರುತ್ತಾರೆ. ಫ್ಲೆಕ್ಸ್‌ಗೆ ಹಣ ಸುರಿಯಬೇಡಿ, ಬಿಸಿಲಿಗೆ ಬಣ್ಣ ಬಿಡುತ್ತದೆ.

ಎಲ್ಲದರ ಮೂರು ಪ್ರತಿ ಇರಲಿ: ಒಂದು ಊರಿನ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಹುಬ್ಬಳ್ಳಿಯಲ್ಲೋ ಗದಗದಲ್ಲೋ ಇರುವ ಊರಿನವರ ಮನೆಯ ಇನ್ನೊಂದು ಡಿಸ್ಕ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ. ಕ್ಲೌಡಿನ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಬೇಕು, ಒಬ್ಬರೇ ಆದರೆ ಅವರು ನೌಕರಿಗೆಂದು ಬೆಂಗಳೂರಿಗೆ ಹೋದ ದಿನ ಬಾಗಿಲು ಮುಚ್ಚಿದಂತೆ. ವರ್ಷಕ್ಕೊಮ್ಮೆ, ಯುಗಾದಿಗೆ ಎಂದು ಇಟ್ಟುಕೊಳ್ಳಿ, ಎರಡೂ ಡಿಸ್ಕ್ ತೆರೆದು ಹತ್ತು ಫೈಲಾದರೂ ಆಡಿಸಿ ನೋಡಿ. ತೆರೆಯದ ಫೈಲು ಸಿಕ್ಕರೆ ಅಂದೇ ಇನ್ನೊಂದು ಪ್ರತಿಯಿಂದ ನಕಲು ಮಾಡಿ, ಪಟ್ಟಿಯ ಕೊನೆಯ ಕಾಲಮ್‌ನಲ್ಲಿ ತಾರೀಖು ಹಾಕಿ.